ಚೀಸ್ ಕೋಣೆಯ ಗುಂಡುಕಲ್ಲು

ಗ್ಲೆನ್‌ಡಾರಿಯ ಕರ್ಲಿಂಗ್ ಕ್ಲಬ್ಬಿಗೆ ಹಿಂದೊಮ್ಮೆ ಬೆಂಕಿ ಬಿದ್ದು, ಹಳೆಯ ಫೋಟೊ, ಗೆದ್ದವರ ಹೆಸರಿನ ಹಲಗೆ ಎಲ್ಲ ಬೂದಿಯಾಗಿ, ಬಹುಮಾನದ ಬಟ್ಟಲುಗಳು ಕರಗಿಹೋಗಿದ್ದವು. ಕ್ಲಬ್ಬಿಗೆ ನೂರೈವತ್ತು ತುಂಬುವ ವರ್ಷ ಇಷ್‌ಬೆಲ್ ಗೆಡಿಸ್ ಕಾರ್ಯದರ್ಶಿಯಾದಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ಗುರಿಯತ್ತ ಜಾರಿಸಿ ಆಡುವ ಗುಂಡುಕಲ್ಲು ಬೆಂಕಿಗೆ ಸುಡುವಂಥದ್ದಲ್ಲ, ಊರಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ ಎಂದು ನೂರೈವತ್ತರ ಹಬ್ಬದ ಪ್ರದರ್ಶನಕ್ಕಾಗಿ ಹುಡುಕುತ್ತಾ ಹೊರಟಳು. ಒಂದು ಕಲ್ಲು ಚರ್ಚಿನ ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಕೂತಿತ್ತು. ಇನ್ನೊಂದು ಕೋಳಿಗೂಡಿನ ತಗಡಿನ ಮೇಲಿತ್ತು.

ಮೂರನೆಯದು ಸಿಕ್ಕಿದ್ದು ಎಂಬತ್ತು ದಾಟಿದ ಎಫಿ ರೆನ್ನಿಯ ಚೀಸ್ ಕೋಣೆಯಲ್ಲಿ. ಹಸಿ ಚೀಸಿನ ನೀರು ಬಸಿಯಲೆಂದು ಅಚ್ಚಿನ ಮೇಲೆ ಹೇರಿದ್ದರು. ಕಲ್ಲಿನ ಬದಿಯಲ್ಲಿ 'ಜೆ. ರೆನ್ನಿ' ಎಂದು ಕೆತ್ತಿತ್ತು. ಇಷ್‌ಬೆಲ್‌ಗೆ ಹಿಗ್ಗೋ ಹಿಗ್ಗು. ಹಿಂದೆ ಪಂದ್ಯದಲ್ಲಿ ಪಕ್ಕದ ಊರಿನವರನ್ನು ಸೋಲಿಸಿದ ತಂಡದ ನಾಯಕ ಜೇಮ್ಸ್ ರೆನ್ನಿಯ ಹೆಸರು ಊರಿಗೆಲ್ಲ ಗೊತ್ತಿತ್ತು.

"ಆಂಟೀ, ಇದು ನಿಮ್ಮ ತಾತನ ಕಲ್ಲಲ್ವಾ?"

"ಜೇಮ್ಸ್‌ದಲ್ಲ ಕಣೇ, ಜೀನ್‌ದು. ನಮ್ಮಜ್ಜಿದು," ಎಂದಳು ಎಫಿ.

ಆಗೆಲ್ಲ ಹೆಂಗಸರು ಕೆರೆದಂಡೆಗೆ ಸಾರಿನ ಪಾತ್ರೆ ಹೊತ್ತು ತರುವುದಕ್ಕಷ್ಟೇ. ಪಕ್ಕದ ಊರಿನವರೊಡನೆ ಪಂದ್ಯವಿದ್ದ ಆ ದಿನ ಜೇಮ್ಸ್ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಉಳಿದಿದ್ದು ಅವನ ಕೊನೆಯ ಕಲ್ಲೊಂದೇ. ಗೆಲುವು ಸೋಲು ಅದರಲ್ಲೇ. ಜೀನ್ ಪಾತ್ರೆ ಕೆಳಗಿಟ್ಟು, ಲಂಗ ಮೇಲೆ ಸಿಕ್ಕಿಸಿ, ಹೆಪ್ಪುಗಟ್ಟಿದ ಕೆರೆಗಿಳಿದಳು. ಎದುರಾಳಿಗಳು ನಕ್ಕು, ಎಸೆಯಲಿ ಬಿಡಿ ಎಂದರು. ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಅವಳ ಕಲ್ಲು ಸದ್ದಿಲ್ಲದೆ ನುಸುಳಿ ಗುರಿಯ ನಟ್ಟನಡುವೆ ಹೋಗಿ ನಿಂತಿತು. ನಗು ಅಲ್ಲಿಗೇ ಅಡಗಿತು. ಆದರೆ ಗೆದ್ದವರ ಹಲಗೆಗೆ ಹತ್ತಿದ್ದು ಗಂಡನ ಹೆಸರು. ಜೀನ್ ಜಗಳಕ್ಕೆ ನಿಲ್ಲಲಿಲ್ಲ. ಉಳಿ ತಂದು ಕಲ್ಲಿನ ಮೇಲೆ ತಾನೇ ತನ್ನ ಹೆಸರು ಕೆತ್ತಿದಳು. ಆಮೇಲೆ ಚಳಿಗಾಲ ಬಂದಾಗಲೆಲ್ಲ ಗಿರಣಿಯ ಹಿಂದಿನ ಹೊಂಡದಲ್ಲಿ ಹೆಂಗಸರಿಗೆ ಆಟ ಕಲಿಸಿದಳು.

"ನನಗೆ ಕಲಿಸಿದ್ದೂ ಅವಳೇ. ನಿಮ್ಮಮ್ಮಂಗೆ ಕಲಿಸಿದ್ದು ನಾನು," ಎಂದಳು ಎಫಿ.

ಇಷ್‌ಬೆಲ್ ಕಲ್ಲು ಬಿಡುವಾಗ ಮೊಣಕಾಲು ಹೇಗಿರಬೇಕೆಂದು ಅಮ್ಮ ಗದರಿ ಗದರಿ ತಿದ್ದಿದ್ದಳು. ಆ ಗದರಿಕೆಯ ಬೇರು ಇಲ್ಲಿತ್ತು.

ಪ್ರದರ್ಶನಕ್ಕೆ ಕಲ್ಲು ಕೊಡುತ್ತೀರಾ ಎಂದು ಕೇಳಿದರೆ ಎಫಿ ಒಪ್ಪಲಿಲ್ಲ. ಕೆಲಸದಲ್ಲಿರುವ ಕಲ್ಲನ್ನು ಎಬ್ಬಿಸಬಾರದು ಎಂದಳು. ಹಾಗಾಗಿ ಹಬ್ಬದ ದಿನ ಇಡೀ ಕ್ಲಬ್ಬೇ ಅವಳ ಚೀಸ್ ಕೋಣೆಗೆ ಸಾಲುಗಟ್ಟಿ ಬಂತು. ಕೆತ್ತಿದ ಅಕ್ಷರಗಳ ಮುಂದೆ ಮುದುಕರೂ ಟೋಪಿ ತೆಗೆದರು.

ಹೊಸ ಹಲಗೆಯಲ್ಲಿ ಜೇಮ್ಸ್‌ನ ಜಾಗಕ್ಕೆ ಜೀನ್ ಹೆಸರು ಬರೆಸುತ್ತೇನೆ ಎಂದಳು ಇಷ್‌ಬೆಲ್.

"ಬರೆಸು. ಕೆಳಗೆ ತಾತಂದೂ ಇರ್ಲಿ, ಪಾಪ," ಎಂದಳು ಎಫಿ. "ಕೈ ಮುರ್ಕೊಂಡೋನು ಅವನೇ ತಾನೆ."