ಸೋಸುವ ಬಟ್ಟೆ

ಎಮ್ಮೆ ಸಾಕುವವರ ಮೊಬೈಲ್ ಗುಂಪನ್ನು ನೋಡಿಕೊಳ್ಳುತ್ತಿದ್ದವಳು ಡೇರಿ ಅಕ್ಕ. ಯಾರಾದರೂ ಒಂದು ಬೈಗುಳ ಬರೆದರೂ ಆ ಇಡೀ ಸಂದೇಶದ ಜಾಗದಲ್ಲಿ ಚುಕ್ಕಿಗಳು ಬೀಳುವಂತೆ ಕಳೆದ ವಾರ ಅವಳೇ ಮಾಡಿಸಿದ್ದಳು.

ಅಂದು ಬೆಳಿಗ್ಗೆ ಹಾಲು ಸೋಸುತ್ತಲೇ ಗುಂಪನ್ನು ತೆರೆದಳು. ಗಂಡ ತೀರಿಕೊಂಡ ಮೇಲೆ ಹೊಸದಾಗಿ ಎಮ್ಮೆ ಕಟ್ಟಿದ ಹೆಂಗಸೊಬ್ಬಳು, ಕರೆಯಲು ಕೂತರೆ ಒದೆಯುತ್ತದೆ, ಏನು ಮಾಡಲಿ ಎಂದು ಕೇಳಿದ್ದಳು. ಕೊಟ್ಟಿಗೆಯಲ್ಲೇ ಹಣ್ಣಾದ ಮೀಸೆ ಅಜ್ಜನ ಉತ್ತರದಲ್ಲಿ ಬರೀ ಚುಕ್ಕಿ. ಕೆಳಗೆ ದನದ ದಲ್ಲಾಳಿ ಬರೆದದ್ದು ಮಾತ್ರ ಒಂದಕ್ಷರ ಅಳಿಯದೆ ನಿಂತಿತ್ತು: "ಗಂಡನನ್ನೇ ಉಳಿಸಿಕೊಳ್ಳಲಾಗದವರಿಗೆ ಎಮ್ಮೆ ದಕ್ಕೀತೇ, ತಾಯಿ? ದಯವಿಟ್ಟು ನನಗೇ ಮಾರಿಬಿಡಿ."

"ಸಂಜೆ ಬನ್ನಿ" ಎಂದು ಹೆಂಗಸು ಒಪ್ಪಿಬಿಟ್ಟಿದ್ದಳು.

ಅಜ್ಜ ಕ್ಯಾನು ಹಿಡಿದು ಎದುರಲ್ಲೇ ನಿಂತಿದ್ದ. "ಏನಜ್ಜ ಬರ್ದಿದ್ದೆ?"

"ಆ ಬೇವರ್ಸಿ ಎಮ್ಮೆಗೆ ಮೊಲೆ ಬಿರಿದಿರ್ತದೆ, ಬಿಸಿನೀರಲ್ಲಿ ತೊಳ್ದು ಬೆಣ್ಣೆ ಹಚ್ಚವ್ವ ಅಂತ. ನಾ ಬೈದದ್ದು ಎಮ್ಮೇನ ಕಣೇ, ಅವಳನ್ನಲ್ಲ!"

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಹುಲ್ಲುಕಡ್ಡಿ ಅಂಟಿತ್ತು. "ಇದ್ರಲ್ಲಿ ಕಸ ಸಿಗುತ್ತೆ, ಬೆರೆಸಿದ ನೀರು ಸಿಗಲ್ಲ. ಅದಕ್ಕೆ ಕಣ್ಣೇ ಬೇಕು" ಎಂದವಳೇ ಚುಕ್ಕಿಯ ಏರ್ಪಾಡನ್ನು ತೆಗೆದುಹಾಕಿದಳು. ಅಜ್ಜನ ಮಾತನ್ನು ಬೈಗುಳದ ಸಮೇತ ಮತ್ತೆ ಹಾಕಿ, ದಲ್ಲಾಳಿಯನ್ನು ಗುಂಪಿನಿಂದ ಹೊರಗಟ್ಟಿದಳು.

ಮೂರನೇ ದಿನ ಹೆಂಗಸು ಬರೆದಳು: "ಬೆಣ್ಣೆ ಹಚ್ಚಿದೆ ಅಜ್ಜ. ನಿಮ್ಮ ಬೇವರ್ಸಿ ಇವತ್ತು ಒದೀಲಿಲ್ಲ. ಮಾರಲ್ಲ."

ಅಷ್ಟರಲ್ಲಿ ದಲ್ಲಾಳಿಯ ಫೋನು ಬಂತು. "ನಾನೇನಾದ್ರೂ ಕೆಟ್ಟ ಮಾತಾಡಿದ್ನಾ ಅಕ್ಕ?"

"ಆಡಿದ್ರೆ ಗುಂಪಲ್ಲೇ ಇಟ್ಕೋತಿದ್ದೆ" ಎಂದು ಅಕ್ಕ ಮುಂದಿನ ಕ್ಯಾನಿಗೆ ಕೈ ಚಾಚಿದಳು.