ನಿಡಗಲ್ಲಿನ ಹುರುಳಿ

ಮೊರದಲ್ಲಿ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಪಕ್ಕದ ಮನೆ ಮುನಿಯಮ್ಮನವರ ಮಗಳು ಹನುಮಕ್ಕ ಓಡಿಬಂದು ಮೊರವನ್ನೇ ಕಿತ್ತುಕೊಂಡಳು.

"ಅಕ್ಕ, ಇದನ್ನ ಬೇಯಿಸ್ಬುಟ್ಟೀಯ! ನಿಡಗಲ್ ಕಡೇದು ಅಲ್ವಾ?"

"ನಮ್ಮ ತವರಿಂದ ಬಂದಿದ್ದು. ಸಾರಿಗೆ ಕಣಮ್ಮ, ಕೊಡು ಇಲ್ಲಿ."

"ಸಾರು ನಾಳೆ ಮಾಡು. ನನ್ನ ಪಿಎಚ್‌ಡಿ ಇದರೊಳಗೈತೆ."

ಅದು ಎಂಬತ್ತಮೂರರ ಬೇಸಿಗೆ. ಹನುಮಕ್ಕ ಬೆಂಗಳೂರಿನ ಯೂನಿವರ್ಸಿಟಿ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹುರುಳಿಯಲ್ಲಿರುವ ಒಂದು ಪ್ರೋಟೀನನ್ನು ಬೇರೆ ಮಾಡಿ, ಕಲ್ಲುಸಕ್ಕರೆಯಂತೆ ಹರಳು ಕಟ್ಟಿಸಿ, ಆ ಹರಳಿಗೆ ಎಕ್ಸ್‌ರೇ ಹಾಯಿಸಿ ಅದರ ಆಕಾರ ಕಂಡುಹಿಡಿಯಬೇಕಂತೆ. ಎಷ್ಟು ಮಾಡಿದರೂ ಹರಳು ಕಟ್ಟಿರಲಿಲ್ಲ. ಬೇರೆ ಸೀಮೆಯ ಕಾಳು ಹುಡುಕಿಕೊಂಡು ಮಧುಗಿರಿಗೆ ಬಂದಿದ್ದಳು.

ನನ್ನ ಒರಳಿನಲ್ಲೇ ಕಾಳು ಕುಟ್ಟಿ, ಉಪ್ಪುನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಸೀಸೆಗೆ ತುಂಬಿಕೊಂಡಳು. ನಾನು ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದೆ. ಪ್ರೋಟೀನು ಇದೆಯೋ ಇಲ್ಲವೋ ನೋಡಲು ರಕ್ತ ಬೇಕಂತೆ. ಕೆಲವರ ರಕ್ತವನ್ನು ಮಾತ್ರ ಅದು ಹಿಡಿದು ಗಂಟು ಕಟ್ಟಿಸುತ್ತದಂತೆ. ಹನುಮಕ್ಕನದು ಆ ಗುಂಪಿನ ರಕ್ತವಲ್ಲ.

"ನಂದು ತಗೋ," ಎಂದು ನನ್ನ ಮಗಳು ಕೆಂಪಿ ಬೆರಳು ಚಾಚಿದಳು. ಒಂಬತ್ತು ವರ್ಷದವಳು, ಸೂಜಿಗೆ ಕಣ್ಣೂ ಮಿಟುಕಿಸಲಿಲ್ಲ.

ಗಾಜಿನ ಪಟ್ಟಿಯ ಮೇಲೆ ರಕ್ತ, ಅದರ ಪಕ್ಕ ಹುರುಳಿಯ ರಸ. ಕಲಸಿ ಅತ್ತಿತ್ತ ಆಡಿಸಿದಳು.

"ಅಮ್ಮ! ನನ್ ರಕ್ತ ಗಂಟುಗಂಟಾಗ್ಬುಡ್ತು! ನೀನು ಮಾಡೋ ಅಂಬಲಿ ಥರ!"

ಹನುಮಕ್ಕ ಕುಣಿದೇಬಿಟ್ಟಳು. "ಭೇಷ್! ಈ ರಕ್ತ ನಿಮ್ಮಪ್ಪನಿಂದ ಬಂದಿರ್ಬೇಕು, ಇಲ್ಲಾ ನಿಮ್ಮಮ್ಮನಿಂದ. ಇಬ್ಬರಿಗೂ ಇಲ್ದಿದ್ರೆ ಮಕ್ಕಳಿಗೆ ಬರೋದೇ ಇಲ್ಲ ಕಣೆ."

ನನ್ನ ಕೈಯ ಮುದ್ದೆಕೋಲು ನಿಂತುಹೋಯಿತು.

ನನ್ನ ತಂಗಿ ದಾಸಮ್ಮ ಕೆಂಪಿಯನ್ನು ಹೆತ್ತ ವಾರದಲ್ಲೇ ತೀರಿಕೊಂಡಳು. ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಕೊರಟಗೆರೆಯಿಂದ ಇಲ್ಲಿಗೆ ವರ್ಗವಾದ ಮೇಲೆ ಎಲ್ಲರ ಕಣ್ಣಿಗೂ ಅವಳು ನಮ್ಮ ಮಗಳೇ. ಏಳನೇ ಕ್ಲಾಸು ಮುಗಿಯಲಿ, ಆಮೇಲೆ ಹೇಳೋಣ ಎಂದಿದ್ದರು ನಮ್ಮವರು.

"ಅಪ್ಪಂದು ನೋಡು ಹನುಮಕ್ಕ!" ಕೆಂಪಿ ಕೂಗಿದಳು.

ನಮ್ಮವರು ಕರೆಂಟಾಫೀಸಿನಲ್ಲಿ ಲೈನ್‌ಮನ್. ಭಾನುವಾರವಾದ್ದರಿಂದ ಜಗಲಿಯಲ್ಲಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದರು. ಹನುಮಕ್ಕನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. "ಕಂಬದ ಮೇಲೆ ಎಷ್ಟೋ ಸಲ ಕೊಟ್ಟಿದೀನಿ, ಒಂದು ತೊಟ್ಟಿಗೇನು," ಎಂದು ನಗುತ್ತ ಸೋಪಿನ ಕೈಯನ್ನೇ ಕೊಟ್ಟರು. ರಕ್ತ ಹಾಲಿನ ಹಾಗೆ ನುಣ್ಣಗೆ ಹರಡಿಕೊಂಡಿತು.

"ಅಂಗಾದ್ರೆ ಅಮ್ಮಂದೇ!" ಕೆಂಪಿ ಒಳಗೆ ಓಡಿಬಂದಳು. ಮುಖವೆಲ್ಲ ಹೆಮ್ಮೆ. "ಬಾಮ್ಮ. ನಂದು ನಿನ್ನ ರಕ್ತ!"

"ಕೈ ಹಿಟ್ಟಾಗೈತೆ ಮಗ."

"ನಾನೇ ಒರೆಸ್ತೀನಿ."

ತನ್ನ ಲಂಗದ ಅಂಚಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಬೇಡ ಅನ್ನಬಹುದಿತ್ತು. ಗದರಬಹುದಿತ್ತು. ಬೆರಳು ಚಾಚಿದೆ. ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ.

ಹನುಮಕ್ಕ ಪಟ್ಟಿಯನ್ನು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಬೆಳಕಿಗೆ ಹಿಡಿದಳು. ಅಲ್ಲಿಂದ ಅವಳ ಕಣ್ಣು ನನ್ನ ಮುಖಕ್ಕೆ ಬಂತು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಸೆರಗಿನಿಂದ ಗಾಜನ್ನು ಒರೆಸಿಬಿಟ್ಟಳು.

"ರಸ ಕೆಟ್ಟೋಗಿರ್ಬೇಕು ಕಣೆ ಕೆಂಪಿ. ಬಿಸಿಲು ನೋಡು... ಬೇಗ ಹಳಸ್ತದೆ."

ಜಗಲಿಯಿಂದ ಎದ್ದುಬಂದ ನಮ್ಮವರು ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಅರ್ಧ ಕೆನ್ನೆಗೆ ಸೋಪು ಹಾಗೇ ಇತ್ತು.

ಕೆಂಪಿ ಹನುಮಕ್ಕನ ಕೈಯಿಂದ ಗಾಜನ್ನು ಇಸಿದುಕೊಂಡಳು. ತಾನೇ ಸೂಜಿ ತೆಗೆದುಕೊಂಡು ತನ್ನ ಇನ್ನೊಂದು ಬೆರಳಿಗೆ ಚುಚ್ಚಿಕೊಂಡಳು. ಗಾಜಿನ ಮೇಲೆ ರಕ್ತ ಹಚ್ಚಿ, ಅದೇ ಸೀಸೆಯಿಂದ ಅದೇ ರಸವನ್ನು ಒಂದು ತೊಟ್ಟು ಬಿಟ್ಟಳು. ನಾವು ಮೂವರೂ ನೋಡುತ್ತಲೇ ಇದ್ದೆವು. ಯಾರ ಕೈಯೂ ಅವಳನ್ನು ತಡೆಯಲಿಲ್ಲ. ರಕ್ತ ನೋಡನೋಡುತ್ತಲೇ ಮರಳಿನಂತೆ ಗಂಟುಕಟ್ಟಿತು.

ರಸ ಕೆಟ್ಟಿರಲಿಲ್ಲ.

ಒಲೆಯ ಮೇಲೆ ಮುದ್ದೆ ಸೀಯುವ ವಾಸನೆ ಬರುತ್ತಿತ್ತು. ಕೆಂಪಿ ಗಾಜನ್ನು ಮೊರದ ಪಕ್ಕ ಮೆಲ್ಲಗೆ ಇಟ್ಟು, ನನ್ನ ಎದುರಿಗೆ ಬಂದು ಕುಕ್ಕುರುಗಾಲಲ್ಲಿ ಕುಳಿತಳು. ನನ್ನ ಚುಚ್ಚಿದ ಬೆರಳನ್ನು ಹಿಡಿದುಕೊಂಡಳು.

"ಅಮ್ಮ, ನಾನು ಯಾರ ಹೊಟ್ಟೇಲಿ ಹುಟ್ಟಿದ್ದು?"