ಮಹಡಿ ಮೇಲಿನ ಕಾಫಿ

"ಗಗನಾ, ಕಾಫಿ!" ಎಂದು ರಾಜೇಶ್ ಮತ್ತೆ ಮತ್ತೆ ಕತ್ತೆತ್ತಿ ಕೂಗಿದರೂ ಮೇಲಿಂದ ಬುಟ್ಟಿ ಇಳಿಯಲಿಲ್ಲ.

ದೇವರಾಜ ಮೊಹಲ್ಲಾದ ಆ ಇಕ್ಕಟ್ಟು ಬೀದಿಯಲ್ಲಿ ಕೆಳಗೆ ಅವನ ಪಾತ್ರೆ ಅಂಗಡಿ, ನಡುವೆ ಗೋಡೌನು, ಅದರ ಮೇಲೆ ಮನೆ. ಅಪ್ಪನ ಕಾಲದಿಂದಲೂ ಮನೆಯ ಕಿಟಕಿಯಿಂದ ಒಂದು ಬಿದಿರು ಬುಟ್ಟಿ ಹಗ್ಗದಲ್ಲಿ ತೂಗಾಡುತ್ತ ಇಳಿಯುವುದು, ಏರುವುದು. ಇಳಿಯುವಾಗ ಕಾಫಿ, ಊಟದ ಕ್ಯಾರಿಯರ್, ಮರೆತುಬಂದ ಕನ್ನಡಕ. ಏರುವಾಗ ಸೊಪ್ಪು, ಹಾಲು, ಖಾಲಿ ಲೋಟ. ಬೆಳಿಗ್ಗೆ ಗಲ್ಲಾದ ಮುಂದೆ ಕೂತ ರಾಜೇಶ್‌ಗೆ ಅಂಗಡಿ ಬಾಗಿಲು ಎಳೆಯುವವರೆಗೂ ಏಳುವ ಪ್ರಮೇಯವೇ ಬರುತ್ತಿರಲಿಲ್ಲ. ಗಿರಾಕಿಗಳು ಅಟ್ಟದ ಮೇಲಿನ ಕೊಳದಪ್ಪಲೆ ಕೇಳಿದರೆ, "ಅದೆಲ್ಲ ಈಗ ಯಾರೂ ತಗೊಳ್ಳಲ್ಲ ಕಣಮ್ಮ, ಇದನ್ನ ನೋಡಿ" ಎಂದು ಕೂತಲ್ಲಿಂದ ಕೈಗೆಟುಕುವುದನ್ನೇ ಹೊಗಳಿ ಮಾರುವ ವಿದ್ಯೆ ಅವನಿಗೆ ಒಲಿದಿತ್ತು.

ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು.

"ಬುಟ್ಟಿ ಬರಲ್ಲ. ಹಗ್ಗ ತೆಗ್ದುಬುಟ್ಟಿದ್ದೀನಿ. ಕಾಫಿ ಬೇಕಾದ್ರೆ ಮೇಲೆ ಬನ್ನಿ."

"ಅಂಗಡಿ ಯಾರೇ ನೋಡ್ಕೊಳ್ಳೋದು?"

"ಮರಿಯಯ್ಯನೋರಿಗೆ ಹೇಳಿದ್ದೀನಿ."

ಪಕ್ಕದ ಪೂಜಾ ಸಾಮಾನಿನ ಅಂಗಡಿಯ ಮರಿಯಯ್ಯ ಊದುಬತ್ತಿ ಕಟ್ಟುಗಳ ಹಿಂದಿನಿಂದ ತಲೆ ಹೊರಹಾಕಿ, "ಹೋಗ್ಬನ್ನಿ ಸ್ವಾಮಿ, ನಿಮ್ಮ ಕೊಳಗಗಳಿಗೇನು ಕಾಲು ಬಂದಿಲ್ಲ" ಎಂದ. ಇಡೀ ಬೀದಿಗೇ ವಿಷಯ ಗೊತ್ತಿದೆ, ತನಗೊಬ್ಬನಿಗೇ ತಿಳಿದಿಲ್ಲ ಎಂಬುದು ರಾಜೇಶ್‌ಗೆ ಆಗ ಹೊಳೆಯಿತು.

ಇದಕ್ಕೆಲ್ಲ ಮೂಲ ಒಂದು ಬೀಗರ ಊಟ. ಸೋದರತ್ತೆಯ ಮೊಮ್ಮಗಳ ಮದುವೆಯ ಮಾರನೇ ದಿನ, ಮಟನ್ ಸಾರಿನ ಪಂಕ್ತಿಯಿಂದ ಎದ್ದವನೇ ಎದೆ ಹಿಡಿದುಕೊಂಡು, "ಅವ್ವಾ, ನಾ ಹೋದೆ" ಎಂದು ಚಪ್ಪರದ ಕೆಳಗೇ ಕುಸಿದಿದ್ದ. ಆಸ್ಪತ್ರೆಗೆ ಹೊತ್ತೊಯ್ದರು. ಒಳಗೆ ಡಾಕ್ಟರು ತಂತಿಗಳನ್ನೆಲ್ಲ ಅಂಟಿಸಿ ನೋಡುತ್ತಿದ್ದಾಗ, ಹೊರಗೆ ಬೆಂಚಿನ ಮೇಲೆ ಅವನ ತಾಯಿ ದೇವಿರಮ್ಮ ಸೆರಗೊಡ್ಡಿ ಹರಕೆ ಕಟ್ಟಿಕೊಂಡಳು. "ತಾಯಿ ಚಾಮುಂಡವ್ವ, ನನ್ ಮಗ ನಡ್ಕೊಂಡು ಆಚೆಗೆ ಬಂದ್ರೆ, ಆಷಾಢದಲ್ಲಿ ಅವನ ಕೈಲೇ ನಿನ್ನ ಬೆಟ್ಟದ ಮೆಟ್ಲಿಗೆಲ್ಲಾ ಅರಿಶಿನ ಕುಂಕುಮ ಇಡಿಸ್ತೀನಿ." ಲೋಕದಲ್ಲಿ ಜನ ತಮ್ಮ ಮೈಯನ್ನು ಒಡ್ಡಿ ಹರಕೆ ಹೊರುತ್ತಾರೆ, ದೇವಿರಮ್ಮ ಮಗನ ಮೈಯನ್ನು ಒಡ್ಡಿದ್ದಳು. ಮಗ ನಡೆದುಕೊಂಡೇ ಬಂದ, ದೊಡ್ಡದೊಂದು ತೇಗು ತೇಗಿ. ಬರೀ ಗ್ಯಾಸು ಅಂದಿದ್ದರು ಡಾಕ್ಟರು.

"ಗ್ಯಾಸಿಗೆಲ್ಲ ಹರಕೆ ಲೆಕ್ಕಕ್ಕೆ ಬರಲ್ಲ ಕಣವ್ವ," ಎಂದು ರಾಜೇಶ್ ವಾದ ಹೂಡಿ ನೋಡಿದ.

"ನೋವು ಬಂದಾಗ ಗ್ಯಾಸು ಅಂತ ನಿಂಗೆ ಗೊತ್ತಿತ್ತೇನ್ಲಾ? ಹೋದೆ ಹೋದೆ ಅಂತ ಅರಚ್ಕೊಂಡೋನು ಯಾರು? ಆ ಯಮ್ಮ ಕೊಡೋದು ಕೊಟ್ಟಾಯ್ತು. ನಿನ್ ಕೈಲಿ ಆಗ್ದಿದ್ರೆ ಬುಡು, ಆಷಾಢಕ್ಕೆ ನಾನೇ ಹತ್ತೀನಿ. ಹರಕೆ ಉಳಿಸ್ಕೊಂಡು ಸಾಯಕ್ಕಾಯ್ತದಾ?"

ಇದು ಬರೀ ಬಾಯಿಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಅವ್ವ ಹೇಳಿದ್ದನ್ನು ಮಾಡುವವಳು. ಆದರೆ ಅವಳ ಮಂಡಿ ಸವೆದು, ಕೂತಲ್ಲಿಂದ ಏಳಬೇಕಾದರೆ ಗೋಡೆ, ಬಾಗಿಲು, ಸೊಸೆಯ ಭುಜ ಎಲ್ಲವೂ ಬೇಕಿತ್ತು. ಸ್ವಲ್ಪವಾದರೂ ಓಡಾಡಿ ಎಂದು ಡಾಕ್ಟರು ಹೇಳಿದರೆ, "ಓಡಾಡಕ್ಕಾದ್ರೆ ನಿನ್ ತಾವ ಯಾಕಪ್ಪಾ ಬರ್ತಿದ್ದೆ?" ಎಂದು ಅವರ ಬಾಯಿ ಮುಚ್ಚಿಸಿದ್ದಳು. ಆ ಮಂಡಿ ಹೊತ್ತುಕೊಂಡು ಅವಳು ಬೆಟ್ಟದ ಒಂದೊಂದು ಮೆಟ್ಟಿಲಿಗೂ ಬಗ್ಗಿ ಏಳುವುದನ್ನು ನೆನೆದರೆ ರಾಜೇಶ್‌ಗೆ ಮತ್ತೆ ಎದೆ ಹಿಡಿದಂತಾಗುತ್ತಿತ್ತು.

ಹಾಗಾಗಿ ಅವನು ಶೂರನಂತೆ ಶುರು ಮಾಡಿದ. ಕಣ್ಣು ಕುಕ್ಕುವ ಹಸಿರು ಶೂ ತಂದ. ಮೊಳಕೆ ಹೆಸರುಕಾಳು ತಂದ. ಬೆಳಗಾಗುವ ಮುಂಚೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿದ. ವಾರ ತುಂಬುವ ಮೊದಲೇ ಮೀನಖಂಡ ಹಿಡಿದುಕೊಂಡು ಆಟೋದಲ್ಲಿ ವಾಪಸ್ಸಾದ; ದಾರಿಯಲ್ಲಿ ಆಟೋ ನಿಲ್ಲಿಸಿ, ಮನಸ್ಸಿನ ಸಮಾಧಾನಕ್ಕೆಂದು ಬೆಣ್ಣೆ ಮಸಾಲೆ ಹೊಡೆದು ಬಂದ. ಮೊಳಕೆ ಕಾಳು ಫ್ರಿಜ್ಜಿನಲ್ಲೇ ಗಿಡವಾಗುವ ಹಂತಕ್ಕೆ ಹೋಯಿತು.

"ಡಾಕ್ಟ್ರು ಏನಂದಿದ್ರು?" ಎಂದಿದ್ದಳು ಗಗನ. "ಒಂದೇ ಒಂದು ಸಣ್ಣದು ಬದಲಾಯಿಸಿ, ಅದು ರೂಢಿಯಾಗೋವರ್ಗೂ ಇನ್ನೊಂದಕ್ಕೆ ಕೈ ಹಾಕ್ಬೇಡಿ ಅಂದಿದ್ರು. ನೀವು ಒಂದೇ ದಿನಕ್ಕೆ ಪೈಲ್ವಾನ್ ಆಗಕ್ಕೆ ಹೋದ್ರಿ."

ಆ ಸಣ್ಣದು ಯಾವುದು ಎಂದು ಆರಿಸುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಳು.

ಮೊದಲ ದಿನ ಅಡುಗೆಮನೆ ಮುಟ್ಟಿದಾಗ ರಾಜೇಶ್‌ಗೆ ಮಾತು ಹೊರಡಲಿಲ್ಲ. ಉಸಿರು ತಹಬಂದಿಗೆ ಬರುವಷ್ಟರಲ್ಲಿ ಕಾಫಿ ಆರಿತ್ತು.

"ಸಕ್ಕರೆ ಹಾಕಿಲ್ವಾ?"

"ಹಾಕಿದ್ದೀನಿ. ಕಲಕಿಲ್ಲ ಅಷ್ಟೇ."

ಕೆಲವು ದಿನಗಳ ಮೇಲೆ ಅದೇ ಪ್ರಶ್ನೆಗೆ, "ಕಲಕಿದ್ದೀನಲ್ಲ, ಹಾಕಿಲ್ಲ ಅಷ್ಟೇ" ಎಂಬ ಉತ್ತರ ಬಂತು. ಎದುರಿನ ಹೋಟೆಲಿನಿಂದ ತರಿಸೋಣವೆಂದರೆ, "ಅಕ್ಕಾವ್ರು ಕಿಟಕೀಲಿ ನಿಂತವ್ರೆ ಅಣ್ಣ, ನಮಗ್ಯಾಕೆ" ಎಂದು ಅವರೂ ಕೈಕೊಟ್ಟರು. ಬಯ್ದುಕೊಳ್ಳುತ್ತಲೇ ಬೆಳಿಗ್ಗೆಯದಕ್ಕೆ ಹತ್ತಿದ, ಹನ್ನೊಂದರದಕ್ಕೆ ಹತ್ತಿದ. ಉಸಿರು ಸಾಲದೆ ಬಯ್ಗುಳ ಮೆಟ್ಟಿಲಿನ ಮೊದಲ ತಿರುವಿನಲ್ಲೇ ನಿಲ್ಲುತ್ತಿದ್ದುದು ಎರಡನೇ ತಿರುವಿನವರೆಗೂ ಬರತೊಡಗಿತು.

ಮಧ್ಯಾಹ್ನದ್ದು ಮಾತ್ರ ಬೇರೆ ಕಥೆ.

ಊಟವಾದ ಮೇಲೆ ಗಗನ ಹಿಂದಿನ ಕೋಣೆಯಲ್ಲಿ ರವಿಕೆ ಹೊಲಿಯಲು ಕೂರುವಳು. ಹೊಲಿಗೆ ಮಿಷನ್ನಿನ ಸದ್ದು ಬೀದಿಗೂ ಕೇಳುತ್ತಿತ್ತು. ಅಂಥದ್ದೇ ಒಂದು ಮಧ್ಯಾಹ್ನ ರಾಜೇಶ್ ಗಲ್ಲಾದ ಮುಂದೆ ತೂಕಡಿಸುತ್ತಿದ್ದಾಗ, ಮೆಟ್ಟಿಲ ಬಾಯಲ್ಲಿ ದೇವಿರಮ್ಮ ಕಾಣಿಸಿಕೊಂಡಳು. ಒಂದೊಂದೇ ಮೆಟ್ಟಿಲ ಮೇಲೆ ಕೂತು, ಜರುಗಿ, ಮತ್ತೆ ಕೂತು ಇಳಿದು ಬಂದಿದ್ದಳು. ಸೆರಗಿನ ಮರೆಯಲ್ಲಿ ಕಾಫಿ ಲೋಟ. ಅರ್ಧ ಸೀರೆಗೆ ಚೆಲ್ಲಿತ್ತು.

"ಅಯ್ಯೋ ಅವ್ವ! ನಿನ್ ಮಂಡಿ?"

"ಮಂಡಿ ನಂದು. ನೀ ಕುಡಿ. ಸಕ್ಕರೆ ಸ್ವಲ್ಪ ಮುಂದಾಗೇ ಹಾಕಿವ್ನಿ. ಮಗ ಬಾಯಿ ಒಣಗಿಸ್ಕೊಂಡು ಕೂತವ್ನೆ ಅಂದ್ರೆ ನಂಗೆಂಗೆ ನಿದ್ದೆ ಬತ್ತದೆ?"

ಬೇಡ ಎನ್ನಬೇಕೆಂದು ಅವನು ಬಾಯಿ ತೆರೆದ. ತೆರೆದ ಬಾಯಿಗೆ ಕಾಫಿಯೇ ಹೋಯಿತು.

ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ. ಮಿಷನ್ ನಿಂತರೆ ಅವಳೂ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಲ್ಲುವಳು. ಮತ್ತೆ ಸದ್ದು ಶುರುವಾದರೆ ಇಳಿಯುವಳು. ಬರಬರುತ್ತ ಸಂಜೆಯದಕ್ಕೂ ಬಂದಳು. ಬಂದವಳು ಮರಿಯಯ್ಯನ ಅಂಗಡಿಯ ಮುಂದೆ ನಿಂತು ಕರ್ಪೂರದ ಬೆಲೆಗೆ ಜಗಳ ಕಾದು ಹೋದಳು. ಬರುವ ಹೊತ್ತಿಗೆ ಲೋಟ ತುಂಬಿಯೇ ಇರುತ್ತಿತ್ತು, ಸೀರೆ ಒಣಗಿಯೇ ಇರುತ್ತಿತ್ತು. ರಾಜೇಶ್ ಲೋಟ ನೋಡಿದನೇ ಹೊರತು ಕಾಲು ನೋಡಲಿಲ್ಲ. ಒಂದೆರಡು ಗುಟುಕಿಗೆ ಸಿಹಿ ಯಾಕೋ ಮುಖಕ್ಕೆ ಹೊಡೆಯುತ್ತಿದೆ ಅನ್ನಿಸಿ, ಉಳಿದದ್ದನ್ನು ಅವ್ವನಿಗೆ ಕಾಣದಂತೆ ಚರಂಡಿಗೆ ಸುರಿಯತೊಡಗಿದ್ದ. ಹಾಗೇ ಒಂದು ದಿನ ಗಿರಾಕಿಯೊಬ್ಬರು ಕೇಳಿದ ಕೊಳದಪ್ಪಲೆಗೆ ಅಟ್ಟ ಹತ್ತಿ, ಇಳಿದು, ದುಡ್ಡು ಎಣಿಸಿಕೊಂಡ ಮೇಲಷ್ಟೇ ತಾನು ಹತ್ತಿದ್ದು ಅವನ ಗಮನಕ್ಕೆ ಬಂತು.

ಆಷಾಢ ಬಂತು. ಶುಕ್ರವಾರ ನೂಕುನುಗ್ಗಲೆಂದು ಅಂಗಡಿ ರಜೆಯ ದಿನ ಹೊರಟರು. ಗಗನ, ದೇವಿರಮ್ಮ ಬಸ್ಸಿನಲ್ಲಿ ಮೇಲೆ ಹೋಗಿ ಕಾಯುವುದು, ರಾಜೇಶ್ ಬೆಟ್ಟದ ಪಾದದಿಂದ ಹತ್ತುವುದು ಎಂದು ತೀರ್ಮಾನವಾಯಿತು. "ಆಗ್ದಿದ್ರೆ ಫೋನ್ ಮಾಡ್ಲಾ, ಉಳಿದದ್ದ ನಾ ಇಳ್ಕೊಂಡ್ ಬಂದು ಮಾಡ್ತೀನಿ" ಎಂದು ದೇವಿರಮ್ಮ ಹೇಳಿದ್ದು ಅವನ ಕಿವಿಯಲ್ಲಿ ಕೂತಿತ್ತು.

ಹತ್ತುವುದು ಅವನು ಹೆದರಿದಷ್ಟಿರಲಿಲ್ಲ. ಕಷ್ಟವಿದ್ದದ್ದು ಬಗ್ಗುವುದರಲ್ಲಿ. ಅರಿಶಿನ ಇಟ್ಟು, ಕುಂಕುಮ ಇಟ್ಟು, ಏಳಬೇಕು. ಎದ್ದರೆ ಮುಂದಿನ ಮೆಟ್ಟಿಲು ಆಗಲೇ ಕಾದಿರುತ್ತದೆ. ಅವನ ಹಿಂದೆ ಬಂದ ಹೆಂಗಸರ ಗುಂಪು ಮಾತಾಡಿಕೊಳ್ಳುತ್ತ, ನಗುತ್ತ ಅವನನ್ನು ದಾಟಿ ಹೋಯಿತು. "ಪಾಪ, ಹೆಂಡ್ತಿ ಹರಕೆ ಇರ್ಬೇಕು" ಎಂದಳು ಅವರಲ್ಲೊಬ್ಬಳು. ಅರ್ಧ ದಾರಿ ದಾಟಿದ ಮೇಲೆ ಸಿಗುವ ದೊಡ್ಡ ನಂದಿ ಇನ್ನೂ ಕಾಣುತ್ತಿರಲಿಲ್ಲ. ಸೊಂಟ ಸೆಟೆದುಕೊಂಡಿತು. ಅಂಗಿ ಬೆನ್ನಿಗೆ ಅಂಟಿತು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಬದಿಯಲ್ಲಿ ಕುಸಿದು ಕೂತ. ಕೈ ಜೇಬಿನಲ್ಲಿದ್ದ ಫೋನಿನ ಕಡೆಗೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

"ಏನ್ಲಾ, ಕೂತ್ಬುಟ್ಟೆ?"

ತಿರುಗಿ ನೋಡಿದ. ಕೆಳಗಿನಿಂದ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೇವಿರಮ್ಮ ಹತ್ತಿ ಬರುತ್ತಿದ್ದಳು. ಪಕ್ಕದ ಕಟ್ಟೆಯನ್ನು ಹಿಡಿದಿರಲಿಲ್ಲ. ಅವಳಿಗಿಂತ ಬಹಳ ಕೆಳಗೆ, ಕಟ್ಟೆಯನ್ನೇ ಅಪ್ಪಿಕೊಂಡಂತೆ ಗಗನ ಬರುತ್ತಿದ್ದಳು.

"ಅವ್ವ! ಬಸ್ಸು?"

"ಆ ಕ್ಯೂ ನೋಡಿದ್ದೀಯಾ? ಅಲ್ಲಿ ನಿಂತ್ಕೊಂಡು ಸಾಯೋ ಬದ್ಲು ಹತ್ತೋದೇ ಸಲೀಸು ಅಂದೆ. ನಿನ್ ಹೆಂಡ್ತೀದೇ ಗೋಳು, ಹೆಜ್ಜೆಗೊಂದ್ಸಲ ಕೂತ್ಕೋತಾಳೆ."

ಗಗನ ಬಂದು ಮುಟ್ಟಿ, ಗಂಡನ ಪಕ್ಕದಲ್ಲಿ ಕುಕ್ಕರಿಸಿದಳು. ಅವನು ಅವ್ವನ ಕಾಲನ್ನೇ ನೋಡುತ್ತಿದ್ದ, ಯಾರದೋ ಕಾಲು ನೋಡುವವನ ಹಾಗೆ.

"ಇದು ಹೇಗೇ?" ಎಂದ ಮೆಲ್ಲಗೆ.

"ಮಧ್ಯಾಹ್ನ ಸಂಜೆ ಇಳಿದು ಹತ್ತಿದ್ರೆ ಇನ್ನೇನಾಗುತ್ತೆ?" ಎಂದಳು ಗಗನ, ಏದುಸಿರಿನ ನಡುವೆ.

"ನಿಂಗೆ ಗೊತ್ತಿತ್ತಾ?"

"ಲೋಟ ತೊಳೆಯೋಳು ನಾನಲ್ವೇನ್ರೀ? ಅತ್ತೆ ಇಳಿಯೋವರ್ಗೂ ಅಂತ ದಾರ ಇಲ್ದಿರೋ ಮಿಷನ್ ತುಳಿದು ತುಳಿದು ನನ್ ಕಾಲೇ ಬಿದ್ದೋಗಿದೆ."

ದೇವಿರಮ್ಮನಿಗೆ ಇದು ಕೇಳಿಸಿತೋ ಇಲ್ಲವೋ. ಅವಳು ಕೈ ಚಾಚಿದ್ದಳು. "ತಾ ತಟ್ಟೆ. ಉಳಿದದ್ದ ನಾ ಇಡ್ತೀನಿ. ನೀ ಸುಮ್ಕೆ ಹಿಂದೆ ಬಾ."

ರಾಜೇಶ್ ತಟ್ಟೆಯನ್ನು ಎದೆಗೆ ಅವಚಿಕೊಂಡ. "ಬ್ಯಾಡ."

"ಕೊಡ್ಲಾ ಅಂದ್ರೆ."

"ಬ್ಯಾಡ ಕಣವ್ವ. ನಿನ್ ಪಾಡಿಗೆ ನೀನು ಹತ್ತು."

ಮೊಳಕಾಲ ಮೇಲೆ ಕೈಯೂರಿ ಎದ್ದ. ಬಗ್ಗಿ ಅರಿಶಿನ ಇಟ್ಟ, ಕುಂಕುಮ ಇಟ್ಟ, ಎದ್ದ. ದೇವಿರಮ್ಮ ಅವನಿಗಿಂತ ಒಂದು ಮೆಟ್ಟಿಲು ಮುಂದೆ ಹತ್ತುವಳು, ಅವನು ಮುಗಿಸುವವರೆಗೆ ನಿಲ್ಲುವಳು, ಮತ್ತೊಂದು ಹತ್ತುವಳು. "ಕುಂಕುಮ ಅಷ್ಟೊಂದ್ ಸುರೀಬ್ಯಾಡ, ಮೇಲ್ಗಂಟ ಬರ್ಬೇಕು" ಎಂದು ಗದರುವಳು. ಸ್ವಲ್ಪ ಹೊತ್ತಿಗೆ ಅವನಿಗೆ ಬೆಟ್ಟವಾಗಲಿ ಜನರಾಗಲಿ ಕಾಣದಾದರು. ಬೆವರು ಕಣ್ಣಿಗಿಳಿಯುತ್ತಿತ್ತು. ಕಲ್ಲು, ಬೆರಳು, ಹಳದಿ, ಕೆಂಪು, ಮತ್ತೆ ಕಲ್ಲು.

"ಏಯ್! ನಂಗ್ಯಾಕ್ಲಾ ಇಡ್ತೀಯಾ? ಮೆಟ್ಲಿಗೆ ಇಡು!"

ಅವನು ಕಣ್ಣೊರೆಸಿಕೊಂಡು ನೋಡಿದ. ಕುಂಕುಮ ಅವ್ವನ ಎಡಗಾಲಿನ ಹೆಬ್ಬೆರಳ ಮೇಲೆ ಕೂತಿತ್ತು. ಒರೆಸಲೆಂದು ಕೈ ನೀಡುವಷ್ಟರಲ್ಲಿ ದೇವಿರಮ್ಮ ಕಾಲೆತ್ತಿ ಮುಂದಿನ ಮೆಟ್ಟಿಲಿಗೆ ಇಟ್ಟಾಗಿತ್ತು.